ಎಲ್ಲರಿಗೂ ನಿಧಾನ

ಕನ್ಸೋಲು ನಿಧಾನವಾಗಿದೆ ಅಂತ ಆ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಎಲ್ಲರೂ ಗೊಣಗುತ್ತಿದ್ದರೇ ಹೊರತು ಸರಿಮಾಡೋಣ ಅಂತ ಯಾರೂ ಕೈ ಹಾಕುತ್ತಿರಲಿಲ್ಲ. ಅಷ್ಟಕ್ಕೇ ಪೆಟ್ಟಿಗೆ ಡಾಕ್ಟ್ರಿಗೆ ಏನಾದರೂ ಅನುಮಾನ ಬರಬೇಕಿತ್ತು. ಬರಲಿಲ್ಲ. ಕೈಕೆಳಗಿನವರೆಲ್ಲ ಶುದ್ಧ ಸೋಮಾರಿಗಳು ಅಂತ ಒಂದೇ ಏಟಿಗೆ ತೀರ್ಮಾನ ಮಾಡಿ, ಕನ್ನಡಕ ಮೇಲೇರಿಸಿಕೊಂಡು, ತಾವೇ ಕೂತುಬಿಟ್ಟರು.

ಪೆಟ್ಟಿಗೆ ಡಾಕ್ಟ್ರು ಅಂದರೆ ನಿಜವಾದ ಡಾಕ್ಟರಲ್ಲ ಮತ್ತೆ. ಆ ದೊಡ್ಡಾಸ್ಪತ್ರೆಯಲ್ಲಿ ಮನುಷ್ಯರ ನಾಡಿ ಹಿಡಿಯೋರು ಮಹಡಿಗೊಬ್ಬೊಬ್ಬರಿದ್ದರು. ಕಂಪ್ಯೂಟರುಗಳ ನಾಡಿ ಹಿಡಿಯೋರು ಇವರೊಬ್ಬರು. ಕಂಪ್ಯೂಟರು ಅಂದರೆ ಎರಡು ಕೈಯಲ್ಲಿ ಅಪ್ಪಿಕೊಂಡು ಹೊರಬೇಕಾದ ಪೆಟ್ಟಿಗೆಯಾಗಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿದವರು. ಹೆರಿಗೆ ವಾರ್ಡಿನ ನರ್ಸೊಬ್ಬರು ತಮಾಷೆಗೆ ಇಟ್ಟ ಹೆಸರು ಹಾಗೇ ಅಂಟಿಕೊಂಡಿತು. ಅವರಿಗೂ ಅದು ಇಷ್ಟವೇ. ನಿಜವಾದ ಡಾಕ್ಟರುಗಳು ಎದುರು ಸಿಕ್ಕಾಗ "ಏನು ಡಾಕ್ಟ್ರೇ, ಚೆನ್ನಾಗಿದ್ದೀರಾ?" ಅಂದರೆ "ನಮ್ಮ ರೋಗಿಗಳು ಫೀಸು ಕೊಡಲ್ಲ ನೋಡಿ, ಅದೊಂದೇ ಕೊರತೆ" ಅಂತ ಪ್ರತಿಸಲವೂ ಅದೇ ಉತ್ತರ ಕೊಡುತ್ತಿದ್ದರು.

ಈ ಕನ್ಸೋಲನ್ನು ಆಸ್ಪತ್ರೆಗೆ ತಂದು ಕೂರಿಸಿದವರೂ ಅವರೇ. ಅದೊಂದು ಪರದೆ, ಅಷ್ಟೇ. ಆದರೆ ಆಸ್ಪತ್ರೆಯಲ್ಲಿರುವ ಅಷ್ಟೂ ಕಂಪ್ಯೂಟರುಗಳು ಅದರಲ್ಲಿ ಗುಂಪುಗುಂಪಾಗಿ ಸಾಲು ಹಚ್ಚಿ ನಿಂತಿರುತ್ತವೆ. ವಾರ್ಡಿನವು, ಲ್ಯಾಬಿನವು, ಔಷಧಿ ಕೌಂಟರಿನವು, ಸ್ಟೋರಿನವು, ಆಪರೇಷನ್ ಥಿಯೇಟರಿನವು. ಒಂದು ಸಾಲು ಆರಿಸಿ ಒಂದು ಅಪ್ಪಣೆ ಕೊಟ್ಟರೆ ಸಾಕು, ಕೂತಲ್ಲಿಂದಲೇ ಆ ಗುಂಪಿನ ಅಷ್ಟೂ ಯಂತ್ರಗಳು ಆರುತ್ತವೆ, ಮತ್ತೆ ಶುರುವಾಗುತ್ತವೆ, ಹೊಸ ಸಾಫ್ಟ್‌ವೇರು ಹಾಕಿಕೊಳ್ಳುತ್ತವೆ. ಬೇರೆಯವರು ಸಾಲಿನ ಹೆಸರು ಓದಿ ಆರಿಸುತ್ತಿದ್ದರು. ಪೆಟ್ಟಿಗೆ ಡಾಕ್ಟ್ರು ಓದುತ್ತಿರಲಿಲ್ಲ. "ಓದೋಕೆ ನಾನೇನು ನಿನ್ನೆ ಬಂದವನಾ? ಕಣ್ಣು ಯಾಕೆ ಬೇಕು, ಕೈಗೇ ಗೊತ್ತು" ಅನ್ನುತ್ತಿದ್ದರು. ಮಾತಾಡುತ್ತಾ, ಕಾಫಿ ಕುಡಿಯುತ್ತಾ, ಕಿಟಕಿಯಾಚೆ ನೋಡುತ್ತಾ ಅವರ ಕೈ ಸರಿಯಾದ ಸಾಲಿಗೇ ಹೋಗಿ ಕೂರುತ್ತಿದ್ದುದನ್ನು ಹೊಸಬರು ಬಾಯಿಬಿಟ್ಟುಕೊಂಡು ನೋಡುತ್ತಿದ್ದರು.

ಅಂಥ ಕನ್ಸೋಲು ಕೆಲವು ತಿಂಗಳಿಂದ ತೆವಳುತ್ತಿತ್ತು. ಸಾಲು ಒತ್ತಿದರೆ ಒಂದು ಸಣ್ಣ ಚಕ್ರ ತಿರುಗುತ್ತಾ ಕೂರುವುದು. ಅದು ನಿಲ್ಲುವಷ್ಟರಲ್ಲಿ ಯಾಕೆ ಒತ್ತಿದೆವು ಅನ್ನುವುದೇ ಮರೆತುಹೋಗುವುದು. ಸೋಮವಾರ ಆಡಳಿತದ ಮೇಡಂ ಕರೆಸಿ, ಮುಖ ಗಂಟು ಹಾಕಿಕೊಂಡೇ ಹೇಳಿದರು: "ನೋಡಿ, ವಾರ್ಡುಗಳಿಂದ ದೂರು ಬಂದು ಬಂದು ನನಗೆ ಸಾಕಾಗಿದೆ. ಗುರುವಾರ ಸಂಜೆಯೊಳಗೆ ಕಾರಣ ಏನು ಅಂತ ನನ್ನ ಮೇಜಿಗೆ ಬರಬೇಕು. ಇಲ್ಲದಿದ್ದರೆ ಹೊರಗಿನ ಕಂಪನಿಗೆ ಪೂರ್ತಿ ವಹಿಸಿಬಿಡ್ತೀನಿ. ನಿಮಗೂ ನಿವೃತ್ತಿ ಹತ್ತಿರ ಬಂತು, ಅಲ್ಲಿವರೆಗೆ ಆರಾಮಾಗಿ ಒಂದು ಕುರ್ಚಿ ಇರುತ್ತೆ."

ಆರಾಮಾಗಿ ಒಂದು ಕುರ್ಚಿ! ಆ ಮಾತು ಅವರಿಗೆ ಚುಚ್ಚಿದ್ದು ಇಷ್ಟಿಷ್ಟಲ್ಲ. ಪೆಟ್ಟಿಗೆ ಕೈತಪ್ಪಿದ ಮೇಲೆ ಪೆಟ್ಟಿಗೆ ಡಾಕ್ಟ್ರು ಅಂತ ಯಾರು ಕರೀತಾರೆ? ವಿಭಾಗದ ನಾಲ್ಕಾರು ಜನ ಬೇರೆ ಬೇರೆ ಮೂಲೆಗೆ ಚೆದುರಿಹೋಗುತ್ತಾರೆ. ಅದರಲ್ಲಿ ಒಬ್ಬಳು ಪುಟ್ಟಿ, ಅವರ ಅಕ್ಕನ ಮಗಳು. ಅಕ್ಕ ತೀರಿಕೊಂಡ ಮೇಲೆ ಇವರ ಮನೆಯಲ್ಲೇ ಬೆಳೆದವಳು. ಸ್ಕ್ರೂ ಬಿಚ್ಚುವುದರಿಂದ ಹಿಡಿದು ಎಲ್ಲವನ್ನೂ ಇವರೇ ಕಲಿಸಿದ್ದರು. ಮನೆಯಲ್ಲಿ ಮಾಮ, ಆಫೀಸಿನಲ್ಲಿ ಸರ್. ಅವಳು ಆ ಎರಡನ್ನು ಒಂದು ದಿನವೂ ಅದಲುಬದಲು ಮಾಡಿದವಳಲ್ಲ.

"ಸರ್, ನೀವು ಎರಡು ದಿನ ರಜಾ ಹಾಕಿ. ನಾನು ನೋಡ್ತೀನಿ" ಅಂದಳು ಪುಟ್ಟಿ, ಸುದ್ದಿ ಕೇಳಿದ ಕೂಡಲೇ.

"ಯಾಕಮ್ಮಾ, ನನ್ನ ಕೈಗೆ ಜಂಗು ಹಿಡಿದಿದೆಯಾ? ನಾನು ತಂದು ಕೂರಿಸಿದ್ದು ಇದು. ಇದರ ರೋಗ ನಾನೇ ಹಿಡೀತೀನಿ."

ಅವಳು ಏನೋ ಹೇಳಹೊರಟವಳು ಬಾಯಿ ಮುಚ್ಚಿಕೊಂಡಳು. ಪಕ್ಕದ ಮೇಜಿನ ಗೊಣಗಪ್ಪ ಅವಳ ಮುಖ ನೋಡಿದ, ಅವಳು ಅವನ ಮುಖ ನೋಡಿದಳು. ಇವನ ಹೆಸರೂ ಇಟ್ಟ ಹೆಸರೇ. ಫ್ಯಾನು ತಿರುಗಿದರೆ ಗಾಳಿ ಜಾಸ್ತಿ, ನಿಂತರೆ ಸೆಕೆ ಅನ್ನುವ ಜಾತಿ. ಮೂರು ಹೊತ್ತೂ ಗೊಣಗುವ ಆ ಪ್ರಾಣಿ ಅವತ್ತು ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಅದೂ ಡಾಕ್ಟ್ರ ಕಣ್ಣಿಗೆ ಬೀಳಲಿಲ್ಲ.

ಕೆಲಸಕ್ಕೆ ಕೂತರೆ ಅವರ ರೀತಿಯೇ ಬೇರೆ. ಮೊದಲು ಸರ್ವರ್ ಕೋಣೆ. ಎದೆಗೆ ಸ್ವೆಟರು ಎಳೆದುಕೊಂಡು ಆ ಚಳಿಯಲ್ಲಿ ನಿಂತು, ಮೆಮೊರಿ ನೋಡಿದರು, ಡಿಸ್ಕು ನೋಡಿದರು, ಡೇಟಾಬೇಸಿನಲ್ಲಿ ಹಳೆಯ ಕಸ ಎಷ್ಟಿದೆ ನೋಡಿದರು. ಸರ್ವರು ಹೊಟ್ಟೆ ತುಂಬಿದ ಹಸುವಿನ ಹಾಗೆ ನಿಶ್ಚಿಂತೆಯಿಂದ ಇತ್ತು. ಅಲ್ಲೇ ನಿಂತು ಕನ್ಸೋಲು ತೆರೆದರೆ ಫಟಾಫಟ್ ತೆರೆಯಿತು. "ಅಂದರೆ ರೋಗ ಇಲ್ಲಿಲ್ಲ, ದಾರಿಯಲ್ಲಿದೆ" ಅಂತ ಗೊಣಗಪ್ಪನಿಗೆ ಹೇಳಿ, ದೊಡ್ಡ ಗೆಲುವು ಸಿಕ್ಕ ಹಾಗೆ ಹೊರಗೆ ಬಂದರು.

ಮರುದಿನ ಮತ್ತೆ ಸ್ವೆಟರು ಎಳೆದುಕೊಂಡರು. ಮತ್ತೆ ಮೆಮೊರಿ, ಡಿಸ್ಕು, ಡೇಟಾಬೇಸು. "ನೋಡಯ್ಯಾ, ಇಲ್ಲಿ ಫಟಾಫಟ್ ಓಪನ್ ಆಗುತ್ತೆ! ರೋಗ ದಾರಿಯಲ್ಲಿದೆ!"

"ನಿನ್ನೇನೂ ಇದನ್ನೇ..." ಅಂದುಬಿಟ್ಟ ಗೊಣಗಪ್ಪ. ಕೂಡಲೇ ನಾಲಿಗೆ ಕಚ್ಚಿಕೊಂಡ.

"ನಿನ್ನೆ ಏನು?"

"ಏನಿಲ್ಲ ಸರ್. ನಿನ್ನೇನೂ ಇಷ್ಟೇ ಚಳಿ ಇತ್ತು ಅಂದೆ."

"ಸರ್ವರ್ ಕೋಣೇಲಿ ಚಳಿ ಇಲ್ಲದೆ ಬೆಂಕಿ ಇರುತ್ತಾ? ಗೊಣಗೋದು ಬಿಟ್ಟು ಕೇಬಲ್ ಹಿಡಿ" ಅಂದರು.

ದಾರಿಯಲ್ಲಿದ್ದ ಕೇಬಲ್ಲುಗಳನ್ನೆಲ್ಲ ಬದಲಾಯಿಸಿದ್ದಾಯಿತು. ಪರದೆಯ ಮೇಲಿನ ಗುಂಪುಗಳ ಪಟ್ಟಿ ಪದೇ ಪದೇ ತನ್ನಷ್ಟಕ್ಕೆ ಹೊಸದಾಗುವುದನ್ನು ಕಡಿಮೆ ಮಾಡಿದ್ದಾಯಿತು. ಕನ್ಸೋಲನ್ನೇ ಕಿತ್ತುಹಾಕಿ ಹೊಸದಾಗಿ ಹಾಕಿದ್ದಾಯಿತು. ಉಹೂಂ. ಆ ಸಣ್ಣ ಚಕ್ರ ಇವರನ್ನು ಅಣಕಿಸುವ ಹಾಗೆ ತಿರುಗುತ್ತಲೇ ಇತ್ತು. ಸಾಫ್ಟ್‌ವೇರ್ ಮಾಡಿದವರ ಹಿಂದು ಮುಂದೆಲ್ಲ ಜಾಲಾಡಿ ಬೈದರು. ಪುಟ್ಟಿ ತಲೆ ಎತ್ತಲಿಲ್ಲ.

ಗುರುವಾರ ಬೆಳಿಗ್ಗೆ ಮನೆಯಿಂದ ಹೊರಡುವಾಗಲೇ ಅವರ ತಲೆ ಬಿಸಿಯಾಗಿತ್ತು. ಬಾಗಿಲಿಗೆ ಬೀಗ ಹಾಕಿ ಮೆಟ್ಟಿಲಿಳಿದರೆ ಜೊತೆಗೇ ಹೊರಟಿದ್ದ ಹೆಂಡತಿ, "ಒಂದ್ನಿಮಿಷ ಇರಿ, ಬಂದೆ" ಅಂತ ಮತ್ತೆ ಹತ್ತಿಹೋಗಿ ಬೀಗ ಎಳೆದು ನೋಡಿದರು. ಬಾಗಿಲು ತೆಗೆದು ಒಳಗೂ ಹೋಗಿ ಬಂದರು.

"ಏನದು ದಿನಾ ನಿಂದು? ಬೀಗ ಹಾಕೋಕೂ ಬರಲ್ವಾ ನನಗೆ?"

"ನನ್ನ ಸಮಾಧಾನಕ್ಕೆ ರೀ. ನಂದೊಂದು ಚಟ ಅಂದ್ಕೊಳ್ಳಿ" ಅಂದರು ಹೆಂಡತಿ, ಗ್ಯಾಸಿನ ವಾಸನೆ ಹಿಡಿದಿದ್ದ ಸೆರಗನ್ನು ಕೊಡವುತ್ತಾ. ಹೆಂಗಸರ ಚಟಕ್ಕೆ ಮದ್ದಿಲ್ಲ ಅಂತ ಗೊಣಗಿಕೊಂಡು ಅವರು ಬಸ್ಸಿಗೆ ಓಡಿದರು.

ಮಧ್ಯಾಹ್ನದವರೆಗೂ ಏನೂ ಹೊಳೆಯಲಿಲ್ಲ. ಊಟದ ಹೊತ್ತಿಗೆ ಕೋಣೆ ಖಾಲಿಯಾಯಿತು. ಪುಟ್ಟಿ ಮಕ್ಕಳ ವಾರ್ಡಿನ ಪ್ರಿಂಟರು ನೋಡಲು ಮೇಲೆ ಹೋಗಿದ್ದಳು. ಗೊಣಗಪ್ಪ ಆ ಕಡೆ, ಬೀರುಗಳ ಸಾಲಿನ ಹಿಂದೆ, ಎಲ್ಲೋ ಡಬ್ಬಿ ಬಿಚ್ಚುತ್ತಿದ್ದ. ಡಾಕ್ಟ್ರಿಗೆ ಊಟ ಬೇಕಿರಲಿಲ್ಲ. ಹಣೆಗೆ ಕೈಕೊಟ್ಟು ಕೂತವರಿಗೆ ಥಟ್ಟನೆ ಅನ್ನಿಸಿತು: ಅಲ್ಲ, ದಾರಿ ದಾರಿ ಅಂತ ಬಡಕೊಳ್ತಿದ್ದೀನಲ್ಲ, ಆ ದಾರೀಲಿ ನಡೆದೇ ನೋಡಿಲ್ವಲ್ಲ ನಾನು! ಎರಡು ತುದಿ ನೋಡಿದ್ದೀನಿ, ನಡುವೆ ನೋಡಿಲ್ಲ.

ಒಂದೊಂದು ಅಪ್ಪಣೆಯೂ ಇಲ್ಲಿಂದ ಹೊರಟು ಯಾವ ಯಾವ ಯಂತ್ರ ಮುಟ್ಟಿ ಹೋಗುತ್ತದೆ ಅನ್ನುವುದನ್ನು ತೋರಿಸುವ ಒಂದು ಸಲಕರಣೆ ಇದೆ. ಅದನ್ನು ಪಕ್ಕದ ಪರದೆಯಲ್ಲಿ ತೆರೆದಿಟ್ಟರು. ಈಗ ಒಂದು ಅಪ್ಪಣೆ ಕೊಡಬೇಕು, ಯಾರಿಗೂ ತೊಂದರೆಯಾಗದಂಥದ್ದು. ಸ್ಟೋರಿನ ಯಂತ್ರಗಳನ್ನು ಒಮ್ಮೆ ರೀಸ್ಟಾರ್ಟ್ ಮಾಡಿದರಾಯಿತು; ಊಟದ ಹೊತ್ತು, ಸ್ಟೋರು ಮುಚ್ಚಿರುತ್ತೆ, ಯಾರ ಗಂಟೂ ಹೋಗಲ್ಲ. ಕಣ್ಣು ಪಕ್ಕದ ಪರದೆಯ ಮೇಲೇ ಇಟ್ಟು, ಎಂದಿನ ಹಾಗೆ ಕೈಯಿಂದಲೇ ಸ್ಟೋರಿನ ಸಾಲು ಆರಿಸಿ, ರೀಸ್ಟಾರ್ಟ್ ಒತ್ತಿ, 'ಖಂಡಿತವೇ?' ಅಂತ ಕೇಳಿದ್ದಕ್ಕೆ ಹೌದು ಒತ್ತಿದರು.

ಚಕ್ರ ತಿರುಗತೊಡಗಿತು. ಪಕ್ಕದ ಪರದೆಯಲ್ಲಿ ದಾರಿ ಮೂಡಿತು. ನೇರ ಸರ್ವರಿಗೆ ಹೋಗಬೇಕಾದ ಅಪ್ಪಣೆ ಸರ್ವರಿಗೆ ಹೋಗಿರಲೇ ಇಲ್ಲ. ನಡುವೆ ಯಾವುದೋ ಒಂದು ಯಂತ್ರದ ಹತ್ತಿರ ಹೋಗಿ ಅಲ್ಲೇ ನಿಂತಿತ್ತು.

"ಸಿಕ್ಕಿಬಿದ್ದೆಯಲ್ಲೋ ಮಗನೇ!" ಅಂದರು ಅವರು, ಜೋರಾಗಿಯೇ. ಎಷ್ಟು ದಿನದ ಮೇಲೆ ಅವರ ಮುಖದಲ್ಲಿ ಅಂಥ ಬೆಳಕು ಬಂದಿತ್ತೋ! ಆ ಯಂತ್ರದ ವಿಳಾಸ ನೋಡಿದರೆ ಹುಡುಕಬೇಕಾಗಿಯೇ ಇರಲಿಲ್ಲ. ಈ ಕೋಣೆಯಲ್ಲಿ ಮೇಜು ಮೇಜಿಗೂ ವಿಳಾಸ ಹಂಚಿದವರು ಅವರೇ. ಎಂದೋ ಹಂಚಿದ್ದು, ಕಲ್ಲಿನಲ್ಲಿ ಕೊರೆದ ಹಾಗೆ ನೆನಪಿತ್ತು. ಕಿಟಕಿ ಪಕ್ಕದ ಮೇಜು. ಮೊದಲ ದಿನ ಅವರೇ ಕೂತಿದ್ದ ಮೇಜು. ಈಗ ಪುಟ್ಟಿಯದು.

ಪಾಪ, ಹುಡುಗಿ ಏನೋ ಪ್ರಯೋಗ ಮಾಡಲು ಹೋಗಿ ತೆಗೆಯುವುದು ಮರೆತಿದ್ದಾಳೆ ಅಂದುಕೊಂಡರು. ಗದರಬಾರದು, ಮೆತ್ತಗೆ ಹೇಳಬೇಕು, ಮೇಡಂಗೆ ಅವಳ ಹೆಸರು ಹೇಳಬಾರದು. ಇಷ್ಟೆಲ್ಲ ಲೆಕ್ಕ ಹಾಕಿಕೊಂಡು ಬೀರುಗಳ ಸಾಲು ದಾಟಿ ಆ ಕಡೆಗೆ ಹೋದರು.

ಪುಟ್ಟಿಯ ಕುರ್ಚಿಯಲ್ಲಿ ಗೊಣಗಪ್ಪ ಕೂತಿದ್ದ. ಊಟದ ಡಬ್ಬಿ ಮುಚ್ಚಳ ತೆಗೆದದ್ದು ತೆಗೆದ ಹಾಗೇ ಇತ್ತು. ಒಂದು ಕೈ ಮೌಸಿನ ಮೇಲೆ, ಇನ್ನೊಂದು ಕೈ ಎದೆಯ ಮೇಲೆ. ಪರದೆಯ ನಡುವೆ ಒಂದು ಸಣ್ಣ ಕಿಟಕಿ ತೆರೆದಿತ್ತು. ಅದರಲ್ಲಿ ಹೀಗೆ ಬರೆದಿತ್ತು: ಆಪರೇಷನ್ ಥಿಯೇಟರ್. ಎಲ್ಲ ಯಂತ್ರಗಳು. ರೀಸ್ಟಾರ್ಟ್. ಬಿಡಲೇ, ಬೇಡವೇ?

ಡಾಕ್ಟ್ರು ಕೂಗಿಕೊಂಡರು. "ಅಯ್ಯಯ್ಯೋ! ಒತ್ತಬೇಡ ಕಣೋ! ಬೇಡ ಅನ್ನು, ಬೇಡ ಅನ್ನು!"

"ಬೇಡ ಅಂತಾನೇ ಒತ್ತೋದು ಸರ್. ಒಳಗೆ ಆಪರೇಷನ್ ನಡೀತಿದೆ."

"ಯಾವನೋ ಅವನು, ಥಿಯೇಟರಿಗೆ ರೀಸ್ಟಾರ್ಟ್ ಕೊಟ್ಟೋನು? ಟೇಬಲ್ ಮೇಲೆ ಮನುಷ್ಯ ಮಲಗಿರ್ತಾನೆ, ತಲೆ ನೆಟ್ಟಗಿದೆಯಾ ಅವನಿಗೆ? ಅನ್ನ ತಿನ್ನೋನು ಮಾಡೋ ಕೆಲಸವಾ ಇದು? ಯಾರು, ಹೇಳು!"

ಗೊಣಗಪ್ಪ ಕುರ್ಚಿ ಪಕ್ಕಕ್ಕೆ ಸರಿಸಿದ. ಡಾಕ್ಟ್ರು ಬಗ್ಗಿ ತಾವೇ ನೋಡಿದರು. ಕಿಟಕಿಯ ತಳದಲ್ಲಿ ಅಪ್ಪಣೆ ಕೊಟ್ಟವರ ಹೆಸರಿತ್ತು. ಅವರದೇ ಹೆಸರು.

ಇರಲಾರದು ಅಂದುಕೊಂಡು ಬಿರಬಿರನೆ ತಮ್ಮ ಮೇಜಿಗೆ ವಾಪಸು ಬಂದರು. ಕನ್ಸೋಲು ಅವರು ಬಿಟ್ಟುಹೋದ ಹಾಗೇ ಇತ್ತು. ನೀಲಿ ಬಣ್ಣ ಹೊದ್ದು ನಿಂತಿದ್ದ ಸಾಲು ಸ್ಟೋರಿನದಲ್ಲ. ಸ್ಟೋರು ಎಷ್ಟೋ ಮೇಲಿತ್ತು. ಎರಡು ಸಲ ಓದಿದರು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಥಿಯೇಟರು, ಥಿಯೇಟರು, ಥಿಯೇಟರು. ತಮ್ಮ ಬಲಗೈಯನ್ನು ಮುಂದೆ ಹಿಡಿದು ನೋಡಿಕೊಂಡರು. ಅದರಲ್ಲೇನೂ ವ್ಯತ್ಯಾಸ ಕಾಣಲಿಲ್ಲ; ಎಂದಿನ ಕೈ, ಎಂದಿನ ಉಂಗುರ. ಕುರ್ಚಿ ಎಳೆದುಕೊಂಡು ಕೂತರು.

ಪುಟ್ಟಿ ಓಡಿಕೊಂಡೇ ಬಂದಳು. ಗೊಣಗಪ್ಪ ಫೋನು ಮಾಡಿರಬೇಕು. ಬಾಗಿಲಲ್ಲೇ ನಿಂತಳು, ಏದುಸಿರು ಬಿಡುತ್ತಾ.

"ಎಷ್ಟು ದಿನದಿಂದ?" ಅಂದರು ಡಾಕ್ಟ್ರು.

"ಸರ್..."

"ಸರ್ ಗಿರ್ ಬೇಡ. ಎಷ್ಟು ದಿನದಿಂದ ನನಗೆ ಕಾವಲು ಹಾಕಿದೀಯ ನೀನು? ಕಳ್ಳನಿಗೆ ಹಾಕೋ ಹಾಗೆ?"

ಅವಳು ಹತ್ತಿರ ಬಂದು ಪಕ್ಕದ ಸ್ಟೂಲಿನ ಮೇಲೆ ಕೂತಳು. "ಚಳಿಗಾಲದಲ್ಲಿ ಒಂದಿನ ಲ್ಯಾಬಿನ ಯಂತ್ರಗಳೆಲ್ಲ ಒಟ್ಟಿಗೆ ಆರಿಹೋದ್ವಲ್ಲ, ನೆನಪಿದೆಯಾ?"

"ಕರೆಂಟು ಹೋಗಿತ್ತು."

"ಕರೆಂಟು ಹೋಗಿರಲಿಲ್ಲ ಮಾಮ. ಹಾಗಂತ ನಾವೇ ಹೇಳಿದ್ವಿ."

ಆಫೀಸಿನಲ್ಲಿ ಅವಳು ಮಾಮ ಅಂದದ್ದು ಅದೇ ಮೊದಲು. ಅವಳು ಮುಂದುವರಿಸಿದಳು. ಆವತ್ತು ಯಾರ ಜೀವಕ್ಕೂ ಏನೂ ಆಗಲಿಲ್ಲ, ಪುಣ್ಯ. ಆದರೆ ಅವಳಿಗೆ ನಿದ್ದೆ ಹತ್ತಲಿಲ್ಲ. ಮೇಡಂಗೆ ಹೇಳಿದರೆ ಮಾಮನನ್ನು ಆ ದಿನವೇ ಎಬ್ಬಿಸಿ ಕಳಿಸುತ್ತಾರೆ. ಮಾಮನಿಗೇ ಹೇಳೋಣ ಅಂದರೆ ಬಾಯಿ ಬರಲಿಲ್ಲ. ಅದಕ್ಕೇ ನಡುವೆ ಒಂದು ತಡೆ ಹಾಕಿದಳು. ಬೇರೆಯವರ ಅಪ್ಪಣೆ ಅದರೊಳಗೆ ಹಾದು ಸುಮ್ಮನೆ ಮುಂದೆ ಹೋಗುತ್ತದೆ. ಮಾಮನ ಅಪ್ಪಣೆ ಮಾತ್ರ ನಿಲ್ಲುತ್ತದೆ, ಅವಳು ನೋಡಿ ಬಿಡುವವರೆಗೆ. ಅವಳಿಲ್ಲದಾಗ ಗೊಣಗಪ್ಪ ಕೂತು ನೋಡುತ್ತಾನೆ.

"ನನ್ನದನ್ನ ತಡೆಯೋಕೆ ನನ್ನ ಯಂತ್ರ ಒಂದಕ್ಕೆ ಹಾಕಿದ್ದರೆ ಸಾಕಿತ್ತಲ್ಲ. ಎಲ್ಲರನ್ನೂ ಯಾಕೆ ಅದರೊಳಗೆ ತೂರಿಸಿದೆ? ಅದಕ್ಕೇ ಅಲ್ವಾ ಹೀಗೆ ತೆವಳ್ತಿರೋದು? ಇಷ್ಟೂ ಗೊತ್ತಾಗಲ್ವಾ? ನಾನು ಕಲಿಸಿದ್ದು ಇದೇನಾ?" ಅವರೊಳಗಿನ ಮೇಷ್ಟ್ರಿಗೆ ಅಂಥ ಹೊತ್ತಿನಲ್ಲೂ ತಪ್ಪು ಕಂಡರೆ ತಡೆಯಲಾಗುತ್ತಿರಲಿಲ್ಲ.

ಬೀರುವಿಗೆ ಒರಗಿ ನಿಂತಿದ್ದ ಗೊಣಗಪ್ಪ ಉತ್ತರ ಕೊಟ್ಟ. "ನಿಮ್ಮದೊಂದೇ ನಿಧಾನ ಆದ್ರೆ ನೀವು ಬಿಡ್ತಿದ್ರಾ ಸರ್? ಅರ್ಧ ದಿನದಲ್ಲಿ ಕಂಡುಹಿಡೀತಿದ್ರಿ. ಎಲ್ಲರಿಗೂ ನಿಧಾನ ಆದ್ರೆ ನಿಮಗೆ ಅನುಮಾನ ಬರಲ್ಲ ಅಂತ ಎಲ್ಲರೂ ಸೇರೇ ಮಾತಾಡ್ಕೊಂಡ್ವಿ. ಗೊಣಗೋದು ನನ್ನ ಪಾಲಿಗೆ ಬಂತು. ಅದು ಹೇಗೂ ಅಭ್ಯಾಸ ಇತ್ತು."

ಡಾಕ್ಟ್ರು ಕೋಣೆಯ ಸುತ್ತ ಕಣ್ಣಾಡಿಸಿದರು. ಖಾಲಿ ಕುರ್ಚಿಗಳು, ಆರಿದ ಲೋಟಗಳು. ಇಷ್ಟು ತಿಂಗಳು ಈ ಕುರ್ಚಿಗಳಲ್ಲಿ ಕೂತವರೆಲ್ಲ ಆ ಚಕ್ರ ತಿರುಗುವುದನ್ನು ನೋಡುತ್ತಾ, ವಾರ್ಡಿನವರ ಕೈಲಿ ಬೈಸಿಕೊಳ್ಳುತ್ತಾ, ಒಬ್ಬರೂ ಬಾಯಿ ಬಿಡದೆ ಕೆಲಸ ಮಾಡಿದ್ದರು. ಅವರನ್ನು ಇವರು ಸೋಮಾರಿಗಳು ಅಂದಿದ್ದರು.

"ನಿಮ್ಮತ್ತೆಗೆ ಗೊತ್ತಾ?"

"ಅತ್ತೆಯೇ ಮೊದಲು ನನಗೆ ಹೇಳಿದ್ದು" ಅಂದಳು ಪುಟ್ಟಿ. "ಎರಡು ಸಲ ಗ್ಯಾಸು ಹಾಗೇ ಬಿಟ್ಟಿದ್ರಿ. ಬೀಗದ ಕೈ ಬಾಗಿಲಲ್ಲೇ ಇರುತ್ತೆ, ದಿನಾ."

ಹಾಗಾದರೆ ಹೆಂಡತಿಯ ಚಟ ಹೆಂಡತಿಯದಲ್ಲ. ಬೆಳಿಗ್ಗೆ ಮೆಟ್ಟಿಲ ಮೇಲೆ ನಿಂತು ಗದರಿದ್ದು ನೆನಪಾಯಿತು. ಸೆರಗಿನ ಗ್ಯಾಸಿನ ವಾಸನೆಯೂ ನೆನಪಾಯಿತು. ಯಾವ ಮುಖ ಇಟ್ಟುಕೊಂಡು ಮನೆಗೆ ಹೋಗೋದು? ನಾಚಿಕೆಯೋ, ಭಯವೋ, ಅವಮಾನವೋ, ಅವರಿಗೇ ತಿಳಿಯಲಿಲ್ಲ. ಭಯವೇ ಹೆಚ್ಚು. ಮುಂದೆ ಯಾವುದು ಹೋಗುತ್ತೆ? ಇವತ್ತು ಸ್ಟೋರಿನ ಸಾಲು ಹೋಯಿತು. ನಾಳೆ ಮನೆಯ ದಾರಿ? ನಾಡಿದ್ದು ಈ ಹುಡುಗಿಯ ಮುಖ?

"ಮಾಮ, ಬೈಯಿರಿ ಬೇಕಾದ್ರೆ" ಅಂದಳು ಪುಟ್ಟಿ. ಅಷ್ಟು ಹೊತ್ತು ತಡೆದುಕೊಂಡಿದ್ದವಳು ಈಗ ಅಳತೊಡಗಿದ್ದಳು. "ಹೀಗೆ ಸುಮ್ಮನೆ ಕೂರಬೇಡಿ."

ಅವರು ಎದ್ದರು. ಕಿಟಕಿ ಪಕ್ಕದ ಮೇಜಿಗೆ ಹೋಗಿ, "ತೋರಿಸು, ಏನು ಬರೆದಿದೀಯ" ಅಂದರು.

ತೋರಿಸಿದಳು. ಅವಳ ಕುರ್ಚಿಯಲ್ಲಿ ಕೂತು, ಬೆರಳನ್ನು ಪರದೆಯ ಮೇಲೆ ಸಾಲಿನಿಂದ ಸಾಲಿಗೆ ಸರಿಸುತ್ತಾ ಪೂರ್ತಿ ಓದಿದರು. ಅವರ ತಲೆ ಆಗ ಎಷ್ಟು ತಿಳಿಯಾಗಿತ್ತೆಂದರೆ ಇದೆಲ್ಲ ಸುಳ್ಳೇನೋ ಅನ್ನಿಸಬೇಕು. ಬೇಕಾಗಿದ್ದರೆ ಆ ಕ್ಷಣ ಪೂರ್ತಿ ಅಳಿಸಿಹಾಕಬಹುದಿತ್ತು. ಆ ಅಧಿಕಾರ ಇನ್ನೂ ಅವರದೇ. ಅಳಿಸಿದರೆ ಕನ್ಸೋಲು ಓಡುತ್ತೆ, ಮೇಡಂ ಮುಂದೆ ಎದೆ ಸೆಟೆಸಿ ನಿಲ್ಲಬಹುದು, ಕುರ್ಚಿ ಉಳಿಯುತ್ತೆ, ಹೆಸರು ಉಳಿಯುತ್ತೆ. ಮೇಲಿನ ಮಹಡಿಯಲ್ಲಿ ಯಾರದೋ ಹೊಟ್ಟೆ ಬಿಚ್ಚಿಟ್ಟುಕೊಂಡು ಆಪರೇಷನ್ ನಡೆಯುತ್ತಲೇ ಇತ್ತು.

"ಚೆನ್ನಾಗಿ ಬರೆದಿದೀಯ" ಅಂದರು. ಅವಳು ಕಲಿಯಲು ಶುರುಮಾಡಿದ ದಿನದಿಂದ ಅವರು ಹಾಗೆ ಹೊಗಳಿದ್ದು ಕಮ್ಮಿ. "ಒಂದು ಮಾಡು. ಉಳಿದವರನ್ನೆಲ್ಲ ಇದರಿಂದ ಹೊರಗೆ ತೆಗಿ. ನೇರ ಸರ್ವರಿಗೆ ಹೋಗಲಿ. ನನ್ನದೊಂದು ಇಲ್ಲೇ ಇರಲಿ."

"ಆಗ ನಿಮ್ಮದು ಮಾತ್ರ ನಿಧಾನ ಆಗುತ್ತೆ ಮಾಮ. ಎಲ್ಲರಿಗೂ ಗೊತ್ತಾಗುತ್ತೆ."

"ಎಲ್ಲರಿಗೂ ಗೊತ್ತಿದೆಯಲ್ಲಮ್ಮಾ. ಗೊತ್ತಿಲ್ಲದೆ ಇದ್ದೋನು ನಾನೊಬ್ಬ."

ಸಂಜೆಗೆ ಇನ್ನೂ ಹೊತ್ತಿರುವಾಗಲೇ ಮೇಡಂ ಕೋಣೆಗೆ ಹೋದರು. ಪುಟ್ಟಿ ಜೊತೆಗೆ ಬರುತ್ತೇನೆ ಅಂದಳು, ಬೇಡ ಅಂದರು. ಮೇಡಂ ಫೈಲಿನಿಂದ ತಲೆ ಎತ್ತದೆ, "ಸಿಕ್ಕಿತಾ?" ಅಂದರು.

"ಸಿಕ್ಕಿತು ಮೇಡಂ. ನಡುವೆ ಒಂದು ತಡೆ ಹಾಕಿತ್ತು. ಅಪ್ಪಣೆಗಳನ್ನ ನಿಲ್ಲಿಸಿ ಪರೀಕ್ಷೆ ಮಾಡೋದಕ್ಕೆ. ಅದರಿಂದ ಎಲ್ಲ ನಿಧಾನ ಆಗಿತ್ತು. ಈಗ ಸರಿಮಾಡಿದೀವಿ."

"ಯಾರು ಹಾಕಿದ್ದು? ಯಾರ ಅನುಮತಿ ತಗೊಂಡು?"

"ನಾನೇ ಹಾಕಿಸಿದ್ದು." ಸುಳ್ಳು ಸರಾಗವಾಗಿ ಬಂತು. ಅದರ ಬೆನ್ನಿಗೇ ಬರಬೇಕಾಗಿದ್ದ ನಿಜ ಮಾತ್ರ ಸರಾಗವಾಗಿ ಬರಲಿಲ್ಲ. ಮೇಡಂ ಈಗ ತಲೆ ಎತ್ತಿ ನೋಡುತ್ತಿದ್ದರು.

"ಯಾಕೆ ಹಾಕಿಸಿದ್ರಿ?"

"ನನಗೆ ಮರೆವು ಬರ್ತಿದೆ ಮೇಡಂ. ಮಾಡಬಾರದ್ದನ್ನ ಮಾಡ್ತೀನಿ, ಮಾಡಿದ್ದು ನನಗೇ ತಿಳಿಯಲ್ಲ. ಇವತ್ತು ಥಿಯೇಟರಿನ ಯಂತ್ರಗಳನ್ನ ಆಫ್ ಮಾಡೋದರಲ್ಲಿದ್ದೆ."

ಹೇಳಿಯಾಯಿತು. ಮೇಡಂ ಪೆನ್ನನ್ನು ಫೈಲಿನ ಮೇಲೆ ಅಡ್ಡ ಇಟ್ಟರು. ಬಹಳ ಖಡಕ್ಕಾದ ಹೆಂಗಸು ಅಂತ ಇಡೀ ಆಸ್ಪತ್ರೆಯೇ ಹೆದರುತ್ತಿತ್ತು. ಅವರು ಎದ್ದುಬಂದು ಇವರಿಗೆ ಕುರ್ಚಿ ಎಳೆದುಕೊಟ್ಟರು.

"ಯಾರಿಗಾದರೂ ತೋರಿಸಿದ್ರಾ?"

"ಇಲ್ಲ."

"ಇಷ್ಟು ಜನ ಡಾಕ್ಟರುಗಳ ಮಧ್ಯೆ ಇದ್ದುಕೊಂಡು?"

"ನಾನೂ ಡಾಕ್ಟ್ರೇ ಅಂದ್ಕೊಂಡಿದ್ದೆ" ಅಂದರು. ನಗಿಸಲು ಹೇಳಿದ್ದು. ಇಬ್ಬರಿಗೂ ನಗು ಬರಲಿಲ್ಲ.

ನಾಳೆ ಬೆಳಿಗ್ಗೆ ಎರಡನೇ ಮಹಡಿಯ ನರರೋಗದ ಡಾಕ್ಟರ ಹತ್ತಿರ ಹೋಗುವುದು ಅಂತಾಯಿತು, ಹೆಂಡತಿಯನ್ನು ಕರೆದುಕೊಂಡು. ವಿಭಾಗದ ಜವಾಬ್ದಾರಿ ಇವತ್ತಿನಿಂದ ಪುಟ್ಟಿಗೆ. ಅದನ್ನು ಪೆಟ್ಟಿಗೆ ಡಾಕ್ಟ್ರೇ ಕೇಳಿ ಬರೆಸಿಕೊಂಡರು. ಹೊರಗಿನ ಕಂಪನಿಯ ಮಾತನ್ನು ಮೇಡಂ ಮತ್ತೆ ಎತ್ತಲಿಲ್ಲ. "ನೀವು ಎಷ್ಟು ದಿನ ಬರ್ತೀನಿ ಅಂತೀರೋ ಅಷ್ಟು ದಿನ ಬನ್ನಿ" ಅಂದರು ಬಾಗಿಲವರೆಗೆ ಬಂದು. ಅದೂ ಆರಾಮಾಗಿ ಒಂದು ಕುರ್ಚಿಯೇ, ಬೇರೇನಲ್ಲ. ಸೋಮವಾರ ಅದೇ ಮಾತಿಗೆ ಮೈಯೆಲ್ಲ ಉರಿದಿತ್ತು. ಈಗ ಥ್ಯಾಂಕ್ಸ್ ಹೇಳಿ ಬಂದರು.

ವಿಭಾಗಕ್ಕೆ ವಾಪಸು ಬರುವಷ್ಟರಲ್ಲಿ ಎಲ್ಲರೂ ಊಟ ಮುಗಿಸಿ, ಸುದ್ದಿ ಕೇಳಿ, ತಮ್ಮ ತಮ್ಮ ಪರದೆಗೆ ಮುಖ ಹುದುಗಿಸಿ ಕೂತಿದ್ದರು. ಯಾರಿಗೂ ಇವರ ಕಡೆ ನೋಡುವ ಧೈರ್ಯವಿರಲಿಲ್ಲ. ಆ ಮೌನದಲ್ಲಿ ಗೊಣಗಪ್ಪ ಕನ್ಸೋಲು ಒತ್ತಿದ. ಅದು ಚಕ್ ಅಂತ ತೆರೆದುಕೊಂಡಿತು.

"ಅಬ್ಬಾ! ಏನು ಸ್ಪೀಡು!" ಅಂದುಬಿಟ್ಟ. ಅಂದವನೇ ಮುಖ ಸಣ್ಣ ಮಾಡಿಕೊಂಡು ಪೆಚ್ಚಾಗಿ ಕೂತ.

"ಹಾಗೇ ಇರಬೇಕಾದ್ದು ಕಣಯ್ಯಾ" ಅಂದರು ಡಾಕ್ಟ್ರು. "ಇನ್ನು ಗೊಣಗೋಕೆ ಬೇರೆ ಏನಾದರೂ ಹುಡುಕ್ಕೋ."

ಒಬ್ಬರೋ ಇಬ್ಬರೋ ಮೂಗಿನಲ್ಲಿ ನಕ್ಕರು. ಪುಟ್ಟಿ ಮಾತ್ರ ಪರದೆಗೆ ಇನ್ನಷ್ಟು ಬಗ್ಗಿದಳು.

ಡಾಕ್ಟ್ರು ತಮ್ಮ ಮೇಜಿಗೆ ಬಂದು ಕೂತರು. ಸ್ಟೋರಿನ ರೀಸ್ಟಾರ್ಟ್ ಬಾಕಿ ಇತ್ತು, ಮಧ್ಯಾಹ್ನ ಕೊಟ್ಟಿದ್ದು ಅಲ್ಲಿಗೆ ಹೋಗಿರಲೇ ಇಲ್ಲವಲ್ಲ. ಸ್ಟೋರಿನವರಿಗೆ ಫೋನು ಮಾಡಿ ಒಂದು ನಿಮಿಷ ಕೆಲಸ ನಿಲ್ಲಿಸಿ ಅಂತ ಹೇಳಿದರು. ಅಷ್ಟು ವರ್ಷದಲ್ಲಿ ಮೊದಲ ಸಲ ಸಾಲುಗಳನ್ನು ಮೇಲಿನಿಂದ ಒಂದೊಂದಾಗಿ ಓದಿಕೊಂಡು ಬಂದರು, ತುಟಿ ಅಲ್ಲಾಡಿಸುತ್ತಾ. ಸ್ಟೋರು ಸಿಕ್ಕಿತು. ಅದರ ಮೇಲೆ ಎಡಗೈ ಬೆರಳಿಟ್ಟುಕೊಂಡು ಬಲಗೈಯಿಂದ ಆರಿಸಿದರು. ರೀಸ್ಟಾರ್ಟ್. ಖಂಡಿತವೇ? ಹೌದು.

ಚಕ್ರ ತಿರುಗತೊಡಗಿತು. ಕೋಣೆಯಲ್ಲಿ ಅವರೊಬ್ಬರ ಪರದೆಯಲ್ಲಿ ಮಾತ್ರ. ಕೈ ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತಾ ಕಾದರು. ಅಪ್ಪಣೆ ಎಲ್ಲಿಗೆ ಹೋಗಿ ನಿಂತಿದೆ ಅಂತ ಈಗ ಗೊತ್ತಿತ್ತು. ಅದು ಒಂದು ಥರ ಸಮಾಧಾನವೂ ಹೌದು.

ಬೀರುಗಳ ಆ ಕಡೆಯಿಂದ ಧ್ವನಿ ಬಂತು. ಅಷ್ಟು ಜನರ ಎದುರೇ, ಮುಚ್ಚುಮರೆಯಿಲ್ಲದೆ.

"ಮಾಮ, ಒಂದು ಬಂದಿದೆ. ಬಿಡ್ಲಾ?"

"ಏನು ಬಂದಿದೆ, ಓದಿ ಹೇಳು."

"ಸ್ಟೋರು. ಎಲ್ಲ ಯಂತ್ರಗಳು. ರೀಸ್ಟಾರ್ಟ್."

"ಸ್ಟೋರೇ ತಾನೇ?"

"ಸ್ಟೋರೇ ಮಾಮ."

"ಸರಿಯಾಗಿ ನೋಡಿದ್ಯಾ?"

"ನೋಡಿದೆ."

"ಹಾಗಾದರೆ ಬಿಡು" ಅಂದರು.